ಸುಮ್ಮನೆ ತಿರುಗುವ ನಾಬ್

೧೯೫೦ರಲ್ಲಿ ನಾನು ಓದು ನಿಲ್ಲಿಸಿದೆ. ಹೈಸ್ಕೂಲಿಗೆ ಸೇರಿ ಐದು ತಿಂಗಳಾಗಿತ್ತು, ಅಪ್ಪ ತೀರಿಕೊಂಡರು. ತಣಿಸಂದ್ರದಿಂದ ಯಶವಂತಪುರಕ್ಕೆ ನಡೆದು ಬಂದು ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಮೊದಲ ವರ್ಷವೆಲ್ಲ ಬೇರೆಯವರು ಬಿಚ್ಚಿದ ಸ್ಕ್ರೂಗಳನ್ನು ಬಟ್ಟಲಿಗೆ ಹಾಕಿಟ್ಟುಕೊಳ್ಳುವುದೇ ನನ್ನ ಕೆಲಸ. ಒಂಬತ್ತು ವರ್ಷದ ಮೇಲೆ ಅದೇ ಬೀದಿಯ ಎದುರು ಸಾಲಿನಲ್ಲಿ ನನ್ನದೇ ಬೋರ್ಡು ಹಾಕಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿದವರು ಪಾಪ, ಓದಿಲ್ಲದವನು, ಏನೋ ತಿಳಿಯದೆ ಮಾಡಿದ ಅಂದುಕೊಳ್ಳಬಾರದು. ನನಗೆ ಕೆಲಸ ಚೆನ್ನಾಗಿ ತಿಳಿದಿತ್ತು. ತಿಳಿದೇ ಮಾಡಿದೆ.

ಆ ಗಿರಾಕಿಯ ಹೆಸರು ಬರೆಯುವುದಿಲ್ಲ. ಅವರ ಹೆಂಡತಿ ಇನ್ನೂ ಇದ್ದಾರೆ. ಬೀದಿಯವರು ಅವರನ್ನು 'ಗಿಟಾರ್ ದೊರೆ' ಎನ್ನುತ್ತಿದ್ದರು, ಅವರು ನಕ್ಕು ಸುಮ್ಮನಾಗುತ್ತಿದ್ದರು. ತಾತ ಇಂಗ್ಲೆಂಡಿನವನಂತೆ, ಅಜ್ಜಿ ಹೆಬ್ಬಾಳದ ಕೆರೆಯಾಚೆಯ ಒಂದು ಹಳ್ಳಿಯವಳಂತೆ. ಬಣ್ಣ ತಾತನದು, ಮಾತು ಅಜ್ಜಿಯದು. ತಲೆಗೆ ಹ್ಯಾಟು, ಪ್ಯಾಂಟಿಗೆ ಎರಡು ಹೆಗಲ ಮೇಲಿಂದ ಪಟ್ಟಿ, ನೀಲಿ ಕಣ್ಣು. ಬಾಯಿ ತೆರೆದರೆ "ಏನ್ಲಾ, ಊಟ ಆಯ್ತಾ? ಎಂಗವ್ನೆ ನಿನ್ ತಮ್ಮ?" ಹೊಸಬರು ಒಂದು ಸಲ ಬೆಚ್ಚಿಬಿದ್ದು ಹಿಂದೆ ತಿರುಗಿ ನೋಡುತ್ತಿದ್ದರು, ಮಾತಾಡಿದ್ದು ಬೇರೆ ಯಾರೋ ಎಂಬಂತೆ.

ಅಂಗಡಿ ತೆರೆದ ಮರುವರ್ಷ ಅವರು ಮೊದಲು ಬಂದರು. ಸೈಕಲ್ ಕ್ಯಾರಿಯರ್ ಮೇಲೆ, ಹಳೆ ಕಂಬಳಿಯಲ್ಲಿ ಸುತ್ತಿ ಹಗ್ಗ ಬಿಗಿದ ಒಂದು ಪೆಟ್ಟಿಗೆ. ಬಿಚ್ಚಿ ನೋಡಿದರೆ ಕಂದು ಬಟ್ಟೆ ಅಂಟಿಸಿದ ಗಿಟಾರಿನ ಆಂಪ್ಲಿಫೈಯರ್. ಯುದ್ಧ ಮುಗಿದು ಊರಿಗೆ ಹೊರಟ ಒಬ್ಬ ಸೋಲ್ಜರ್ ಇವರಿಗೆ ಕೊಟ್ಟುಹೋಗಿದ್ದಂತೆ. ಆ ಹೊತ್ತಿಗೇ ಅದು ಮುದುಕ ಪೆಟ್ಟಿಗೆ.

"ರೇಡಿಯೋ ಅಲ್ವಾ ಸಾರ್ ಇದು?" ಅಂದೆ.

"ರೇಡಿಯೋ ಆಗಿದ್ರೆ ಒಳ್ಗೆ ಯಾವನಾದ್ರೂ ಮಾತಾಡೋನು. ಇದ್ರಲ್ಲಿ ನಾನೇ ಮಾತಾಡ್ಬೇಕು ಕಣ್ಲಾ."

"ಹಾಗಾದರೆ ಹಿಂದಿನ ಹಲಗೆ ಬಿಚ್ಚಿ ನೋಡ್ತೀನಿ," ಅಂದೆ. ನಾನು ಆಗ ಬಹಳ ಎಚ್ಚರದಿಂದ ಮಾತಾಡುತ್ತಿದ್ದೆ. ನಮ್ಮೂರಿನ 'ಇಂಗೆ', 'ಅಂಗೆ' ಎಲ್ಲವನ್ನೂ ತಿದ್ದಿಕೊಂಡಿದ್ದೆ. ಗಿರಾಕಿಗಳೆದುರು ಓದಿದವನಂತೆ ಕಾಣಬೇಕಿತ್ತು.

ಅವರು ನನ್ನ ಬಾಯನ್ನೇ ನೋಡುತ್ತಿದ್ದರು. "ಯಾವೂರ್ಲಾ ನಿಂದು?"

"ತಣಿಸಂದ್ರ."

"ಮತ್ತೆ ಆ 'ಹ' ಎಲ್ಲಿತ್ತು ನಿಂಗೆ? ಬಾಡ್ಗೆಗೆ ತಂದಿದ್ದಾ?"

ನನಗೆ ಮೈ ಉರಿಯಿತು. ಆದರೆ ಅವರು ನಗುತ್ತಿದ್ದ ರೀತಿಯಲ್ಲಿ ಕೊಂಕಿರಲಿಲ್ಲ. ಊರಿನವನೊಬ್ಬ ಸಿಕ್ಕಿದ ಖುಷಿ ಅದು. ಆವತ್ತಿನಿಂದ ನಾನು ಅವರಿಗೆ 'ಲೋ', ಅವರು ನನಗೆ 'ಸಾರ್'.

ಗಿಟಾರಿನ ತಂತಿಯಿಂದ ಬರುವ ಸದ್ದು ಇರುವೆ ನಡೆದಷ್ಟು ಸಣ್ಣದು. ಅದನ್ನು ಮೊದಲು ಎತ್ತಿಕೊಳ್ಳುವುದು ಒಳಗಿನ ಸಣ್ಣ ವಾಲ್ವ್‌ಗಳು, ಅಂದರೆ ಬಲ್ಬಿನಂಥ ಗಾಜಿನ ಕೊಳವೆಗಳು, ಆಮೇಲೆ ದೊಡ್ಡ ವಾಲ್ವ್‌ಗಳು ಅದನ್ನು ಸ್ಪೀಕರಿಗೆ ನೂಕುತ್ತವೆ. ಸಣ್ಣದು ಸೊರಗಿದರೆ ದೊಡ್ಡದು ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಆ ದಿನ ಸೊರಗಿದ್ದದ್ದು ಸಣ್ಣದೇ. ವಾಲ್ವನ್ನು ಎಂದೂ ತಿರುಚಿ ಕೀಳಬಾರದು, ಹಾಲುಹಲ್ಲು ಅಲ್ಲಾಡಿಸಿದ ಹಾಗೆ ಅತ್ತಿತ್ತ ಮೆಲ್ಲಗೆ ಆಡಿಸುತ್ತ ಮೇಲಕ್ಕೆ ತರಬೇಕು. ಮಿಲಿಟರಿ ಹಳೆ ಸಾಮಾನು ಮಾರುವವನ ಹತ್ತಿರ ಹುಡುಕಿ ಅದೇ ನಂಬರಿನದು ತಂದು ಹಾಕಿದೆ. ಸ್ವಿಚ್ ಒತ್ತಿ, ಕಾಯಲು ಬಿಟ್ಟು, ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಗಾಜನ್ನು ತಟ್ಟಿದೆ. ಒಳ್ಳೆ ವಾಲ್ವ್ ಆದರೆ ಸ್ಪೀಕರಿನಲ್ಲಿ ಟಪ್ ಎನ್ನುತ್ತದೆ, ಅಷ್ಟೆ. ಕೆಟ್ಟದ್ದಾದರೆ ಗಂಟೆ ಹೊಡೆದಂತೆ ಗುಂಯ್‌ಗುಡುತ್ತದೆ. ಇದು ಟಪ್ ಅಂದಿತು.

ಅವರು ನನ್ನ ಸ್ಟೂಲಿನ ಮೇಲೆ ಕೂತು ಗಿಟಾರ್ ಸಿಕ್ಕಿಸಿ ನುಡಿಸಿದರು. ಮೂರು ನಾಬ್‌ಗಳು: ವಾಲ್ಯೂಮ್, ದಪ್ಪ ಸದ್ದಿಗೆ ಬೇಸ್, ಚುರುಕು ಸದ್ದಿಗೆ ಟ್ರೆಬಲ್. ಅವುಗಳನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳುತ್ತಿದ್ದರು. "ಬೇಸ್ ಒಂಬತ್ ಗಂಟೆ. ಟ್ರೆಬಲ್ ಅತ್ತೂವರೆ. ಒಂದ್ ನಿಮ್ಷ ಆಚೆ ಈಚೆ ಓಗ್ಬಾರ್ದು." ಜೇಬಿನಿಂದ ಹೆಂಡತಿಯ ಉಗುರುಬಣ್ಣದ ಪುಟ್ಟ ಸೀಸೆ ತೆಗೆದು, ಆ ಜಾಗದಲ್ಲಿ ಒಂದು ಕೆಂಪು ಚುಕ್ಕಿ ಇಟ್ಟರು. ಪಕ್ಕದ ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದು ನಿಂತ. ಎದುರಿನ ಟೀ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟ. ನನಗೆ ಸಂಗೀತ ಗೊತ್ತಿಲ್ಲ. ಆದರೆ ಸಣ್ಣ ತಂತಿಯ ಸದ್ದು ಬಿಸಿಲಲ್ಲಿ ನೀರು ಚಿಮುಕಿಸಿದ ಹಾಗಿತ್ತು.

ತುಮಕೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಅವರು ಫಿಟ್ಟರ್. ದೊಡ್ಡ ಕಬ್ಬಿಣದ ತೊಟ್ಟಿಗಳ ಒಳಗೆ ಕೂತು, ಹೊರಗಿನಿಂದ ರಿವೆಟ್ ಹೊಡೆಯುವಾಗ ಒಳಗಿನಿಂದ ಒತ್ತಿ ಹಿಡಿಯುವ ಕೆಲಸ. ಹದಿನೆಂಟು ವರ್ಷ ಅದನ್ನೇ ಮಾಡಿದ್ದರು. ಶನಿವಾರ ಸಂಜೆ ಒಂದು ಬ್ಯಾಂಡಿನಲ್ಲಿ ಗಿಟಾರ್.

"ಆರ್ ದಿನ ಸದ್ದು ನನ್ನ ಒಡೀತದೆ ಕಣೋ," ಅನ್ನುತ್ತಿದ್ದರು. "ಶನಿವಾರ ಒಂದಿನ ನಾನ್ ಅದನ್ನ ಆಡಿಸ್ತೀನಿ. ಅದೊಂದಿಲ್ದಿದ್ರೆ ನಾನೂ ಆ ತೊಟ್ಟೀನೂ ಒಂದೇಯ."

ಎರಡು ವರ್ಷ ಹೀಗೇ ನಡೆಯಿತು. ಪೆಟ್ಟಿಗೆಗೆ ಏನೂ ಆಗದಿದ್ದರೂ ಬಂದು ಟೀ ಕುಡಿದು ಹೋಗುತ್ತಿದ್ದರು. ನನ್ನ ಬೆಸುಗೆಯನ್ನು ಬೆಳಕಿಗೆ ಹಿಡಿದು ನೋಡಿ, "ಮುತ್ತು ಪೋಣಿಸ್ದಂಗೈತೆ" ಅನ್ನುತ್ತಿದ್ದರು. ಕಬ್ಬಿಣದ ಕೆಲಸ ಬಲ್ಲವರ ಬಾಯಲ್ಲಿ ಆ ಮಾತು ಕೇಳಿದರೆ ನನಗೆ ಎರಡು ದಿನ ಊಟ ರುಚಿಸುತ್ತಿತ್ತು. ಮಾತಾಡುವಾಗ ಮಾತ್ರ ಕಣ್ಣು ನನ್ನ ಬಾಯಿಯ ಮೇಲೇ. ನನ್ನ ಮುಂದಿನ ಒಂದು ಹಲ್ಲು ಮುರಿದಿತ್ತು, ಅದನ್ನೇ ನೋಡುತ್ತಾರೆಂದು ನಾನು ತುಟಿ ಬಿಗಿದು ಮಾತಾಡುತ್ತಿದ್ದೆ. ಅದರಿಂದ ಅವರಿಗೆ ಇನ್ನಷ್ಟು ಕಷ್ಟವಾಯಿತೆಂದು ನನಗೆ ಆಗ ಗೊತ್ತಿರಲಿಲ್ಲ.

ಆಮೇಲೆ ಒಂದು ದಿನ ಬಂದು, "ಸದ್ದು ಮಂಕಾಗೈತೆ. ಕಂಬ್ಳಿ ಒದ್ದಿಸ್ದಂಗೈತೆ," ಅಂದರು. ನುಡಿಸಿ ಎಂದು ಹೇಳಿ, ಕಿವಿಗೊಟ್ಟು ಕೇಳಿದೆ. ಮಂಕೇನೂ ಇರಲಿಲ್ಲ. ಆದರೂ ಸಣ್ಣ ವಾಲ್ವ್ ಬದಲಿಸಿದೆ. "ಊಂ, ವಾಸಿ" ಎಂದು ಹೋದರು. ಆರು ತಿಂಗಳಿಗೆ ಮತ್ತೆ ಅದೇ ದೂರು. ಮತ್ತೆ ಬದಲಿಸಿದೆ. ತೆಗೆದ ವಾಲ್ವನ್ನು ಅವರು ಹೋದ ಮೇಲೆ ಪರೀಕ್ಷೆ ಮಾಡಿದರೆ ಹೊಸದರಂತೆ ಇತ್ತು. ಪೆಟ್ಟಿಗೆಯ ಮುಂಭಾಗದಲ್ಲಿ ಟ್ರೆಬಲ್ ನಾಬಿನ ಸುತ್ತ ಕೆಂಪು ಚುಕ್ಕಿಗಳು ಹೆಚ್ಚಿದ್ದವು. ಹತ್ತೂವರೆಯಿಂದ ಹನ್ನೆರಡಕ್ಕೆ, ಹನ್ನೆರಡರಿಂದ ಎರಡಕ್ಕೆ, ಎರಡರಿಂದ ನಾಲ್ಕಕ್ಕೆ. ನೋಡಿದೆ. ಏನೂ ಅರ್ಥ ಮಾಡಿಕೊಳ್ಳಲಿಲ್ಲ. ಕೈ ಮಾತ್ರ ಕೆಲಸ ಮಾಡುತ್ತಿದ್ದರೆ ಕಣ್ಣು ಹೀಗೆ ಸೋಮಾರಿಯಾಗುತ್ತದೆ.

ಮೂರನೆಯ ಸಲ ಬಂದದ್ದು ಡಿಸೆಂಬರ್ ಮೊದಲ ವಾರ, ಮಧ್ಯಾಹ್ನ. ಹೊಸ ವಾಲ್ವ್ ಹಾಕಿ ನಾನು ಪೆಟ್ಟಿಗೆಯ ಹಿಂದೆ ಟಾರ್ಚ್ ಹಿಡಿದು ಬಗ್ಗಿದ್ದೆ. ಅವರು ಮುಂದೆ, ಸ್ಪೀಕರಿಗೆ ಕಿವಿ ಹತ್ತಿಸಿ, ಟ್ರೆಬಲ್ ನಾಬಿನ ಮೇಲೆ ಕೈ ಇಟ್ಟು ಕೂತಿದ್ದರು. ಆ ವಾಲ್ವ್ ಕೆಟ್ಟದ್ದಿತ್ತು. ಕಾಯುತ್ತಿದ್ದ ಹಾಗೆ ಸಣ್ಣಗೆ ಸೀಟಿ ಹಾಕಲು ಶುರು ಮಾಡಿ, ನೋಡುತ್ತಿದ್ದ ಹಾಗೆ ಕೀಚಲಾಗಿ ಅರಚಿಕೊಂಡಿತು. ತಗಡಿನ ಮೇಲೆ ಮೊಳೆ ಎಳೆದ ಹಾಗೆ. ಟೀ ಅಂಗಡಿಯ ಮುಂದೆ ಮಲಗಿದ್ದ ನಾಯಿ ಎದ್ದು ಓಡಿತು. ಟೈಲರ್ ಕತ್ತರಿ ಹಿಡಿದುಕೊಂಡೇ ಬಂದು, "ಏನ್ರೀ ಅದು, ಕಿವಿ ತೂತು ಬೀಳ್ತದೆ, ನಿಲ್ಸ್ರೀ!" ಎಂದು ಕೂಗಿದ.

ಅವರು ಮುಖವರಳಿಸಿ ನಗುತ್ತಿದ್ದರು.

"ನೋಡ್ದಾ? ಈಗ ಸುಮ್ಕಾಯ್ತು. ಗೂಂ ಅನ್ನೋದೂ ಓಯ್ತು."

ನಾನು ಹಿಂದಿನಿಂದಲೇ ಕೂಗಿದೆ. "ಸಾಕು ಸಾರ್! ಸಾಕು!"

"ಇನ್ನೂ ಆಕ್ಲಾ?" ಅನ್ನುತ್ತ ಅವರು ನಾಬನ್ನು ಕೊನೆಯವರೆಗೂ ತಿರುಗಿಸಿದರು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮತ್ತೆ "ಸಾಕು" ಅಂದೆ. "ಆಕಿದೀನಲ್ಲೋ, ಇದ್ಕಿಂತ ಮುಂದಕ್ಕೆ ಓಗಲ್ಲ," ಅಂದರು. ಆಗ ನನಗೆ ಹೊಳೆಯಿತು: ತೊಟ್ಟಿಯೊಳಗಿನ ಸದ್ದು ಅವರ ಕಿವಿಯನ್ನು ತಿಂದಿತ್ತು, ಕೀಚಲು ಸದ್ದು ಯಾವುದೂ ಅವರಿಗೆ ಕೇಳುತ್ತಿರಲಿಲ್ಲ. ನನ್ನ ಬಾಯಿ ಅವರಿಗೆ ಕಾಣುತ್ತಿರಲಿಲ್ಲ. 'ಸಾಕು' ಎಂಬ ಮಾತಿನಲ್ಲಿ 'ಸ' ಅವರ ಕಿವಿಗೆ ಮುಟ್ಟುತ್ತಿರಲಿಲ್ಲ. ಮುಟ್ಟುತ್ತಿದ್ದದ್ದು ಅಷ್ಟೇ: 'ಆಕು'. ನಮ್ಮ ಕಡೆಯ ಮಾತಿನಲ್ಲಿ ಹಾಕು ಅಂದರೆ ಆಕು. ನಿಲ್ಲಿಸು ಎಂದು ಕೂಗಿದಷ್ಟೂ ಅವರಿಗೆ ಏರಿಸು ಎಂದು ಕೇಳುತ್ತಿತ್ತು.

ಗೋಡೆಯ ಸ್ವಿಚ್ ಆರಿಸಿದೆ. ಟೈಲರ್ ಇನ್ನೂ ಕಿವಿಯಲ್ಲಿ ಬೆರಳಿಟ್ಟುಕೊಂಡು ನಿಂತಿದ್ದ. ಅವರು ಅವನನ್ನು ನೋಡಿದರು, ನನ್ನನ್ನು ನೋಡಿದರು.

"ಯಾಕ್ಲಾ ಇಂಗ್ ನೋಡ್ತೀರಾ ಎಲ್ರೂ?"

"ವಾಲ್ವ್ ಕೆಟ್ಟಿದೆ ಸಾರ್," ಅಂದೆ. "ಬೇರೆ ಹಾಕ್ತೀನಿ."

ಅದು ನಿಜವೇ ಆಗಿತ್ತು. ಅಷ್ಟು ಅನುಕೂಲವಾದ ನಿಜ ನನಗೆ ಜೀವನದಲ್ಲಿ ಮತ್ತೆ ಸಿಕ್ಕಿಲ್ಲ.

ಎರಡು ದಿನ ಕಳೆದು ಬ್ಯಾಂಡಿನ ಯಜಮಾನ ಅಂಗಡಿಗೆ ಬಂದ. ಕನ್ನಡದವನೇ, ಟ್ರಂಪೆಟ್ ಊದುವವನು. "ನೀವೇನಾ ಅವರ ಡಬ್ಬ ರಿಪೇರಿ ಮಾಡೋದು? ನೋಡ್ರೀ, ಡಾನ್ಸ್ ಮಾಡೋ ಹೆಂಗಸ್ರು ಕಿವಿ ಮುಚ್ಕೊಂಡು ಹೊರಗೆ ಹೋಗ್ತಾರೆ. ನಾನು ಸಾಕು ಸಾಕು ಅಂತ ಬಡ್ಕೊಂಡ್ರೆ ಇನ್ನೂ ಏರಿಸ್ತಾರೆ. ಬೇಕೂಂತಲೇ ಮಾಡ್ತಾರೆ, ಜಂಭ. ಕ್ರಿಸ್‌ಮಸ್ ಡಾನ್ಸ್ ಒಂದು ನೋಡ್ತೀನಿ. ಹಿಂಗೇ ಆದ್ರೆ ಬೇರೆ ಹುಡುಗ ಇದಾನೆ."

ಅದು ಜಂಭವಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಆ ಕ್ಷಣವೇ ಅವರ ಜಾಗ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡೆ. ಅವರಿಗೇ ಹೇಳಬಹುದಿತ್ತು. ಅದಕ್ಕೆ ನನಗೆ ಧೈರ್ಯ ಬರಲಿಲ್ಲ. ಮತ್ತೊಂದು ಕಾರಣವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ: ನನ್ನ ಅಂಗಡಿಯಿಂದ ಯಾವ ಪೆಟ್ಟಿಗೆಯೂ 'ಆಗಲ್ಲ' ಅನ್ನಿಸಿಕೊಂಡು ಹೋಗಿರಲಿಲ್ಲ. ಎಲ್ಲಕ್ಕೂ ನನ್ನ ಕೈಯಲ್ಲಿ ಒಂದು ಉಪಾಯ ಇರುತ್ತಿತ್ತು. ಇದಕ್ಕೂ ಇತ್ತು.

ಟ್ರೆಬಲ್ ನಾಬಿನ ಹಿಂದಿನ ತಂತಿಗಳನ್ನು ಬಿಡಿಸಿದೆ. ಅದರ ಜಾಗದಲ್ಲಿ ಒಂದೆರಡು ರೆಸಿಸ್ಟರ್ ಬೆಸೆದು, ಸದ್ದನ್ನು ಹತ್ತೂವರೆ ಗಂಟೆಗೆ ಕಟ್ಟಿಹಾಕಿದೆ. ಎಲ್ಲರ ಕಿವಿಗೂ ಹಿತವಾಗುವ ಜಾಗ ಅದು, ಅವರೇ ಮೊದಲ ದಿನ ತೋರಿಸಿದ್ದು. ಇನ್ನು ನಾಬು ಎಷ್ಟು ತಿರುಗಿಸಿದರೂ ಸುಮ್ಮನೆ ತಿರುಗುತ್ತದೆ. ಬೆಸುಗೆ ಮುತ್ತಿನ ಹಾಗೆ ಬಂತು. ಅವರು ಬಂದು ನಾಬನ್ನು ನಾಲ್ಕು ಗಂಟೆಗೆ ತಿರುಗಿಸಿ, ನುಡಿಸಿ, ತಲೆದೂಗಿದರು. "ಈಗ ವಾಸಿ ಕಣೋ. ಈ ವಾಲ್ವ್ ಒಳ್ಳೇದು." ವಾಲ್ವ್ ನಾನು ತೆಗೆದಿಟ್ಟಿದ್ದ ಹಳೆಯದೇ ಆಗಿತ್ತು.

ಡಾನ್ಸ್‌ಗೆ ನನ್ನನ್ನೂ ಕರೆದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಬಾಗಿಲ ಹತ್ತಿರ ನಿಂತೆ. ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ. ಯಜಮಾನ ಟ್ರಂಪೆಟ್ ಕೆಳಗಿಳಿಸಿ ಅವರ ಬೆನ್ನು ತಟ್ಟಿದ. ಅವರು ದೂರದಿಂದ ನನ್ನನ್ನು ಹುಡುಕಿ ನೋಡಿ, ಹ್ಯಾಟು ಎತ್ತಿದರು. ಅಷ್ಟು ಜನರ ಮುಂದೆ, ನನಗೆ. ಮರುದಿನ ಅವರ ಹೆಂಡತಿ ಕಳಿಸಿದ ಕೇಕು ಬಂತು. ನಾನು ತಿಂದೆ. ಚೆನ್ನಾಗಿತ್ತು.

ಹೊಸ ವರ್ಷದ ಮೊದಲ ಶನಿವಾರ ನಾನು ಹೋಗಿರಲಿಲ್ಲ. ನಡೆದದ್ದನ್ನು ಆಮೇಲೆ ಅದೇ ಯಜಮಾನ ನಗುತ್ತ ಹೇಳಿದ. ಒಂದು ಹಾಡಿನ ನಡುವೆ ಗಿಟಾರ್ ಒಂದೇ ನುಡಿಯುವ ಭಾಗ ಬಂತಂತೆ. ಅಲ್ಲಿ ಸದ್ದು ಚುರುಕಾಗಿರಬೇಕು. ಯಜಮಾನ ಎದುರಿಗೇ ನಿಂತು, "ಟ್ರೆಬಲ್ ಹಾಕಿ, ಇನ್ನೂ ಹಾಕಿ" ಅಂದನಂತೆ. ಈ ಸಲ ಅವನು ನಿಜವಾಗಿ ಹಾಕಿ ಎಂದೇ ಅಂದದ್ದು, ಅವರಿಗೂ ಹಾಗೆಯೇ ಕೇಳಿಸಿದ್ದು. ನಾಬು ತಿರುಗಿಸಿದರು. "ಹಾಕ್ರೀ!" ಇನ್ನೂ ತಿರುಗಿಸಿದರು. ಯಜಮಾನನೇ ಬಗ್ಗಿ ನಾಬು ಹಿಡಿದು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿದ. ಸದ್ದು ಒಂದು ಕೂದಲಷ್ಟೂ ಬದಲಾಗಲಿಲ್ಲ. ಅಲ್ಲೇ ಹಿಂದಿನ ಹಲಗೆ ಬಿಚ್ಚಿದರಂತೆ. ಡ್ರಮ್ಮಿನವನು ಒಳಗೆ ನೋಡಿ, "ಸಾರ್, ಮಕ್ಕಳಾಟದ ಕಾರಿನ ಸ್ಟೀರಿಂಗ್ ಥರ ಮಾಡವ್ರೆ!" ಅಂದನಂತೆ. ಡಾನ್ಸಿಗೆ ಬಂದವರೆಲ್ಲ ನಕ್ಕರಂತೆ.

"ಕಿವೀನೇ ಇಲ್ಲ ಅಂತ ಆಗ ಗೊತ್ತಾಯ್ತು ನೋಡಿ," ಅಂದ ಯಜಮಾನ. ಆ ಶನಿವಾರವೇ ಬ್ಯಾಂಡಿನಲ್ಲಿ ಅವರ ಜಾಗ ಹೋಯಿತು.

ಸೋಮವಾರ ಬೆಳಗ್ಗೆ ಹತ್ತಕ್ಕೆ ಅವರು ಬಂದರು. ಪೆಟ್ಟಿಗೆ ತಂದಿರಲಿಲ್ಲ. ಹ್ಯಾಟೂ ಇರಲಿಲ್ಲ. ಒಬ್ಬ ಗಿರಾಕಿ ರೇಡಿಯೋ ಹಿಡಿದು ನಿಂತಿದ್ದ, ಅವನನ್ನು ಲೆಕ್ಕಿಸಲಿಲ್ಲ.

"ಆ ಬೆಸುಗೆ ನಿಂದೇ. ನಾನ್ ಗುರುತಿಡೀತೀನಿ."

"ನಿಮ್ಮ ಒಳ್ಳೇದಕ್ಕೇ ಮಾಡಿದ್ದು ಸಾರ್," ಅಂದೆ. ತಲೆ ತಗ್ಗಿಸಿ ಅಂದದ್ದರಿಂದ ಅವರಿಗೆ ನನ್ನ ಬಾಯಿ ಕಾಣಲಿಲ್ಲ.

"ಏನಂದೆ?"

ಮತ್ತೆ ಅಂದೆ.

"ತಲೆ ಎತ್ತಿ ಯೇಳ್ಲಾ, ಏನಂದೆ?"

ನನಗೆ ಅವಮಾನ, ಭಯ, ಸಿಟ್ಟು ಎಲ್ಲ ಒಟ್ಟಿಗೆ ಬಂತು. ಅಷ್ಟು ವರ್ಷ ತಿದ್ದಿಕೊಂಡಿದ್ದ ಮಾತೆಲ್ಲ ಕಿತ್ತುಕೊಂಡು ಹೋಯಿತು. "ನಿಮಗೆ ಕಿವಿ ಕೇಳ್ಸಲ್ಲ! ನಾನ್ ಎಂಗ್ ಯೇಳ್ಳಿ? ಎಂಗೆ ಯೇಳ್ಳಿ ನಿಮಗೆ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಅರಚಿದೆ. ಟೈಲರ್ ಯಂತ್ರ ನಿಲ್ಲಿಸಿದ. ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿದ.

ಅಷ್ಟು ಜೋರಾಗಿ ಹೇಳಿದ್ದು ಅವರಿಗೆ ಪೂರ್ತಿ ಮುಟ್ಟಿತು. ಕೌಂಟರ್ ಮೇಲೆ ಎರಡು ಕೈ ಊರಿದರು. ಆಮೇಲೆ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳಿದರು:

"ನಂಗ್ ಕೇಳ್ಸಲ್ಲ, ಸರಿ. ನೀನಾದ್ರೂ ಒಂದ್ ಮಾತು ಕೇಳ್ಬೋದಾಗಿತ್ತಲ್ಲೋ."

ಅವರು ಹೊರಟುಹೋದರು. ಗಿರಾಕಿಯ ರೇಡಿಯೋ ತೆಗೆದುಕೊಂಡೆ, ಚೀಟಿ ಬರೆದೆ. ನನ್ನ ಕೈ ನಡುಗಲಿಲ್ಲ. ನಡುಗಿದ್ದರೆ ಇವತ್ತು ನನ್ನ ಬಗ್ಗೆ ನನಗೆ ಸ್ವಲ್ಪವಾದರೂ ಒಳ್ಳೆ ಅಭಿಪ್ರಾಯ ಇರುತ್ತಿತ್ತು.

ಅವರ ಮನೆ ಅಂಗಡಿಯಿಂದ ಹತ್ತು ನಿಮಿಷದ ದಾರಿ. ಹೋಗಿ ಕ್ಷಮೆ ಕೇಳಬೇಕೆಂದು ಎಷ್ಟು ಸಲ ಹೊರಟಿದ್ದೇನೋ. ಮಾರ್ಕೆಟ್ಟಿನ ತಿರುವಿನವರೆಗೆ ಹೋಗಿ, ಬೆಸುಗೆಯ ಸೀಸ ಮುಗಿದಿದೆ ಎಂದೋ, ಮಳೆ ಬರುವ ಹಾಗಿದೆ ಎಂದೋ ಹಿಂದೆ ಬರುತ್ತಿದ್ದೆ. ಒಂದೇ ಒಂದು ಸಲ ಮುಟ್ಟಿದೆ. ಅವರು ಹೊರಗಿನ ಜಗಲಿಯಲ್ಲಿ ರಸ್ತೆಗೆ ಬೆನ್ನು ಹಾಕಿ ಕೂತಿದ್ದರು. ತೊಡೆಯ ಮೇಲೆ ಗಿಟಾರ್. ಪೆಟ್ಟಿಗೆ ಇರಲಿಲ್ಲ. ದವಡೆಯನ್ನು ಗಿಟಾರಿನ ಅಂಚಿಗೆ ಬಲವಾಗಿ ಒತ್ತಿಕೊಂಡು ಒಂದೇ ತಂತಿಯನ್ನು ಮೀಟುತ್ತಿದ್ದರು, ಬಿಟ್ಟು ಬಿಟ್ಟು. ಮರದಿಂದ ಮೂಳೆಗೆ ಏನಾದರೂ ಬರುತ್ತದೆಯೋ ಎಂದು. ಮೀಟಿ ಕಾಯುವುದು, ದವಡೆ ಇನ್ನಷ್ಟು ಒತ್ತುವುದು, ಮತ್ತೆ ಮೀಟುವುದು. ಆ ಸಣ್ಣ ತಂತಿ ಶ್ರುತಿ ತಪ್ಪಿತ್ತು. ಸಂಗೀತ ಬಾರದ ನನಗೂ ಅದು ತಿಳಿಯುತ್ತಿತ್ತು.

ಗೇಟಿನ ಹತ್ತಿರ ನಿಂತು "ಸಾರ್" ಅಂದೆ. ಮತ್ತೊಮ್ಮೆ "ಸಾರ್" ಅಂದೆ. ಅವರು ತಿರುಗಲಿಲ್ಲ. ಗೇಟು ತೆಗೆದು ನಾಲ್ಕು ಹೆಜ್ಜೆ ಹೋಗಿ ಭುಜ ಮುಟ್ಟಿದ್ದರೆ ಸಾಕಿತ್ತು. ನಾನು ಕರೆದೆ, ಅವರಿಗೆ ಕೇಳಿಸಲಿಲ್ಲ, ಇನ್ನೇನು ಮಾಡಲಿ ಎಂದು ಮನಸ್ಸಿಗೆ ಹೇಳಿಕೊಂಡೆ. ನಿಜ ಹೇಳುತ್ತೇನೆ, ಅವರಿಗೆ ಕೇಳಿಸದೆ ಹೋದದ್ದು ಆ ಕ್ಷಣ ನನಗೆ ನೆಮ್ಮದಿಯಾಗಿತ್ತು. ಚಪ್ಪಲಿ ಸದ್ದಾಗದಂತೆ ವಾಪಸು ಬಂದೆ. ಸದ್ದಾದರೂ ಏನಾಗುತ್ತಿತ್ತು?

ಎರಡು ವರ್ಷದ ಮೇಲೆ ಅವರ ಹೆಂಡತಿ ಅಂಗಡಿಗೆ ಬಂದರು. ರೇಡಿಯೋದ ತಂತಿ ಕಿತ್ತಿತ್ತು. ನಾನು ಬೆಸುಗೆ ಹಾಕುತ್ತಿದ್ದಾಗ, "ಅವ್ರು ಹೋಗ್ಬಿಟ್ರು, ಗೊತ್ತಲ್ಲಾ ನಿಮ್ಗೆ? ಹಿಂದಿನ ತಿಂಗಳು," ಅಂದರು. ಗೊತ್ತಿರಲಿಲ್ಲ. ರೈಲ್ವೆ ಗೇಟಿನ ಹತ್ತಿರ ಹಿಂದಿನಿಂದ ಬಂದ ಲಾರಿ. ಡ್ರೈವರ್ ಹಾರನ್ ಹಾಕಿದನಂತೆ, ಬಿಡದೆ ಹಾಕಿದನಂತೆ. ಬೀದಿಯವರೆಲ್ಲ ಸಾಕ್ಷಿ ಹೇಳಿದರಂತೆ.

"ನಿಮ್ ಬಗ್ಗೆ ಏನೂ ಕೆಟ್ಟದು ಹೇಳ್ಲಿಲ್ಲ ಅವ್ರು," ಅಂದರು ಆಕೆ. "ಏನೂ ಹೇಳ್ಲೇ ಇಲ್ಲ."

ರೇಡಿಯೋ ಸರಿಯಾಯಿತು. ಆಕೆ ತೆಗೆದುಕೊಂಡು ಹೋದರು.

ಈಗ ನನಗೆ ವಯಸ್ಸು ಮೂವತ್ತೆರಡು ದಾಟಿದೆ. ಅಂಗಡಿ ಒಂದು, ಬಾಡಿಗೆಯದಲ್ಲ. ಕೆಲಸಕ್ಕೆ ಇಬ್ಬರು. ಬೆಸುಗೆ ಕಡ್ಡಿ ಮೂರು, ಮೀಟರ್ ಎರಡು. ಗೊರಗುಂಟೆಪಾಳ್ಯದಲ್ಲಿ ಮನೆ ಒಂದು, ಅದಕ್ಕೆ ಕೋಣೆ ಎರಡು. ಹೆಂಡತಿ, ಮಗಳು, ತಾಯಿ. ತಮ್ಮನಿಗೆ ಜಾಲಹಳ್ಳಿಯಲ್ಲಿ ನೌಕರಿ. ಸೈಕಲ್ ಒಂದು. ನನ್ನನ್ನು ಸಾರ್ ಅನ್ನುವವರು ಬೀದಿ ತುಂಬ. ಲೋ ಅನ್ನುವವರು ಒಬ್ಬರೂ ಇಲ್ಲ.